ಎರಡನೇ ಡಂಗುರ

ಹೋಳಿ ಹತ್ತಿರ ಬಂದಿದೆ. ಮೊನ್ನೆ ಸಂಜೆ ನಮ್ಮ ಓಣಿಯ ಹುಡುಗರು ಒಣಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುತ್ತಿದ್ದರು. ಕಾದ ಚರ್ಮದ ವಾಸನೆ ಕಿಟಕಿಯಿಂದ ಒಳಗೆ ಬಂತು. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ಮಾತ್ರ ಗಜೇಂದ್ರಗಡದ ನಮ್ಮ ಮಗ್ಗಲು ಮನೆಯ ಕಾಕು ನೆನಪಾದರು. ಕಾಕುವಿಗೂ ಹಲಗೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಮೊದಲಿನಿಂದ ಹೇಳಬೇಕಾಗುತ್ತದೆ...

ಊರೆಲ್ಲ ಅವರನ್ನು ಮೆಂಬರ್ ಕಾಕು ಎಂದೇ ಕರೆಯುತ್ತಿತ್ತು. ಮುನಸಿಪಾಲಿಟಿಯಲ್ಲಿ ಹೆಣ್ಣುಮಕ್ಕಳಿಗೆಂದು ಇಟ್ಟ ಕುರ್ಚಿ ಖಾಲಿ ಉಳಿಯಬಾರದೆಂದು ಅವರ ಯಜಮಾನರ ಗೆಳೆಯರು ಇವರ ಹೆಸರು ಹಾಕಿದ್ದರು. ಸಭೆಗೆ ಹೋಗಬೇಕು, ಸಹಿ ಮಾಡಬೇಕು, ಚಹಾ ಕುಡಿದು ಸುಮ್ಮನೆ ಮನೆಗೆ ಬರಬೇಕು, ಇಷ್ಟೇ ಕೆಲಸ. ಕಾಕು ಹಾಗೇ ಮಾಡುತ್ತಿದ್ದರು. ಅಲ್ಲಿಯ ಚಹಾ ಬರೀ ನೀರು ಎಂದು ಬಂದು ನಮ್ಮವ್ವನ ಮುಂದೆ ದೂರುವುದೊಂದೇ ಅವರ ರಾಜಕಾರಣವಾಗಿತ್ತು. ಮೈ ತುಂಬಿದ ಹೆಂಗಸು, ನಕ್ಕರೆ ಮೂಗುತಿಯೂ ಅಲುಗುತ್ತಿತ್ತು. ಹಲ್ಲಿ ಕಂಡರೆ ಅಡುಗೆಮನೆ ಬಿಟ್ಟು ಓಡಿಬರುವಷ್ಟು ಪುಕ್ಕಲು.

ಆಗ ನಮ್ಮ ಕಡೆ ಇನ್ನೂ ಮುಂಬೈ ಸರಕಾರವಿತ್ತು. ನಾನು ಮುಲ್ಕಿ ಪರೀಕ್ಷೆಗೆ ಕೂಡುವವಳಿದ್ದೆ. ಏಳನೇ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹೆಣ್ಣುಮಕ್ಕಳಿಗೂ ಮಾಸ್ತರಿಕೆ ಸಿಗುತ್ತಿತ್ತು. ಓಣಿಯ ಆ ತುದಿಯಲ್ಲಿದ್ದ ಸಾಲಿಯ ಅಕ್ಕೋರು ಸಂಜೆ ತಮ್ಮ ಮನೆಯಲ್ಲಿ ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಲೆಕ್ಕದಲ್ಲಿ ನಾನು ಕಲ್ಲು. ಅಕ್ಕೋರ ಮನೆ ತಪ್ಪಿದರೆ ಮುಲ್ಕಿಯೂ ತಪ್ಪುತ್ತದೆ ಎಂಬುದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಹೊಂಡದಿಂದ ನೀರು ತರುತ್ತಿದ್ದ ಮುದುಕಿಯೊಬ್ಬಳ ಕೊರಳಿನ ಬೋರಮಾಳ ಸರವನ್ನು ಬೇವಿನ ಗಿಡದ ತಿರುವಿನಲ್ಲಿ ಯಾರೋ ಹರಿದುಕೊಂಡು ಓಡಿದರು. ಆದದ್ದು ಅದೊಂದೇ ಕಳವು. ಮುನಸಿಪಾಲಿಟಿಯವರು ತಮ್ಮ ಕರ್ತವ್ಯವೆಂದು ಮರುದಿನವೇ ಡಂಗುರ ಹೊಡೆಸಿದರು. ಡಂಗುರದ ಅಜ್ಜ ನಮ್ಮ ಮನೆಯ ಮುಂದೆಯೇ ಹಲಗೆ ಕಾಯಿಸಿ, ಬಾರಿಸಿ, ಗಂಟಲು ಹರಿಯುವಂತೆ ಕೂಗಿದ.

“ದೀಪಾ ಹಚ್ಚಿದ ಮ್ಯಾಲೆ ಹೆಣ್ಮಕ್ಕಳು ಹೊರಗ ಬೀಳಬ್ಯಾಡ್ರಿ! ಮೈಮ್ಯಾಲೆ ಬಂಗಾರ ಹಾಕ್ಕೋಬ್ಯಾಡ್ರಿ! ಬಾಗಲಾ ಭದ್ರ ಹಾಕ್ಕೋರಿ!”

ಕಳ್ಳ ಒಯ್ದದ್ದು ಒಂದು ಸರ. ಡಂಗುರ ಇಡೀ ಊರಿನ ಸಂಜೆಯನ್ನೇ ಒಯ್ದಿತು. ಸರಕಾರವೇ ಹೇಳುತ್ತದೆ ಎಂದ ಮೇಲೆ ಖರೇನೇ ಇರಬೇಕಲ್ಲ! ಒಬ್ಬ ಕಳ್ಳ ಬಾಯಿಂದ ಬಾಯಿಗೆ ಹೋಗಿ ಒಂದು ತಂಡವಾದ. ತಂಡಕ್ಕೆ ಕುದುರೆ ಬಂದವು, ಕತ್ತಿ ಬಂದವು. ಹೊತ್ತು ಮುಳುಗುವ ಮೊದಲೇ ಬಾಗಿಲುಗಳು ಬೀಳತೊಡಗಿದವು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಹರಟುತ್ತಿದ್ದ ಹೆಂಗಸರೆಲ್ಲ ಒಳಗೆ ಸೇರಿಕೊಂಡರು. ಅಪ್ಪ ನನ್ನ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ, ಸಾಲಿ ಇಷ್ಟಕ್ಕೇ ಸಾಕು ಎಂದ. ಸಿಟ್ಟಿನಿಂದ ಹೇಳಿದ್ದರೆ ನಾನು ಹಟ ಮಾಡುತ್ತಿದ್ದೆ. ಹೇಳುವಾಗ ಅಪ್ಪನ ದನಿ ಸಣ್ಣದಾಗಿತ್ತು. ಅಂಜಿದ ಅಪ್ಪನ ಜೊತೆ ಹೇಗೆ ಜಗಳವಾಡುವುದು? ಹಿತ್ತಿಲಿಗೆ ಹೋಗಿ ಅತ್ತೆ. ನಡುಗೋಡೆಯ ಆಚೆಯಿಂದ ಕಾಕು ನೋಡಿದರು.

ಮುಂದಿನ ವಾರ ಅವರು ಯಜಮಾನರನ್ನು ಎಬ್ಬಿಸಿಕೊಂಡು ಮೋಟಾರು ಹತ್ತಿ ರೋಣಕ್ಕೆ ಹೋದರು. ನೇರವಾಗಿ ಪೊಲೀಸ್ ಫೌಜದಾರರ ಮುಂದೆ ನಿಂತು, ಕಳ್ಳನ ಸುದ್ದಿ ಏನಾಯಿತೆಂದು ಕೇಳಿದರಂತೆ. ಫೌಜದಾರರಿಗೇ ಆಶ್ಚರ್ಯ. ಕಳ್ಳ ನರಗುಂದದ ಸಂತೆಯಲ್ಲಿ ಸರ ಮಾರುವಾಗ ಎಂದೋ ಸಿಕ್ಕಿಬಿದ್ದಿದ್ದ. ಒಬ್ಬನೇ ಇದ್ದ, ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ನಿಮ್ಮ ಅಧ್ಯಕ್ಷರಿಗೆ ಆಗಲೇ ತಿಳಿಸಿದ್ದೇವಲ್ಲ ಎಂದರಂತೆ ಅವರು.

ಅಧ್ಯಕ್ಷರು ಕೆಟ್ಟವರೇನಲ್ಲ. ಸಿಕ್ಕನಲ್ಲ, ಮುಗಿಯಿತು ಎಂದುಕೊಂಡು ಸುಮ್ಮನಿದ್ದರು. ಕಳ್ಳ ಬಂದ ಸುದ್ದಿಗೆ ಡಂಗುರ ಹೊಡೆಸುವುದು ವಾಡಿಕೆ. ಕಳ್ಳ ಸಿಕ್ಕ ಸುದ್ದಿಗೆ ಹೊಡೆಸುವ ವಾಡಿಕೆ ಇರಲಿಲ್ಲ. ಆ ಸಲದ ಸಭೆಯಲ್ಲಿ ಕಾಕು ಚಹಾ ಮುಟ್ಟಲಿಲ್ಲವಂತೆ. ಎದ್ದು ನಿಂತು ಹೇಳಿದ ಮಾತನ್ನು ಅವರ ಯಜಮಾನರು ಅರ್ಧ ನಾಚಿಕೆಯಿಂದ, ಅರ್ಧ ಹೆಮ್ಮೆಯಿಂದ ನಮ್ಮಪ್ಪನ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

“ಅಧ್ಯಕ್ಷರ, ಊರಿಗೆ ಅಂಜಿಕಿ ಹಂಚಿದವರು ನಾವ. ಹಂಚಿದ ಮನಿಮನಿಗೂ ಹೋಗಿ ತಿರುಗಿ ಇಸ್ಕೊಂಡ ಬರೂದೂ ನಮ್ಮ ಕೆಲಸಾನ ರೀ.”

ಎರಡನೇ ಡಂಗುರ ಆಯಿತು. ಅದೇ ಅಜ್ಜ, ಅದೇ ಹಲಗೆ, ಅದೇ ಕಾದ ವಾಸನೆ. ಕಳ್ಳ ಸಿಕ್ಕಾನ್ರಿ, ಸರ ಸಿಕ್ಕೈತ್ರಿ, ಅಂಜಬ್ಯಾಡ್ರಿ ಎಂದು ಓಣಿಓಣಿ ಕೂಗಿದ. ಅಧ್ಯಕ್ಷರ ಮನೆಯ ಮುಂದೆ ಉರಿಯುತ್ತಿದ್ದ ಮುನಸಿಪಾಲಿಟಿಯ ಕಂದೀಲನ್ನು ಬೇವಿನ ಗಿಡದ ತಿರುವಿಗೆ ತಂದು ನಿಲ್ಲಿಸಿದರು. ಆದರೆ ಬಾಗಿಲುಗಳು ತೆರೆಯಲಿಲ್ಲ. ಹೆದರಿಸುವುದಕ್ಕೆ ಒಂದು ಕೂಗು ಸಾಕಾಗಿತ್ತು, ಧೈರ್ಯ ಬರುವುದಕ್ಕೆ ಸಾಕಾಗಲಿಲ್ಲ.

ಅಂದು ಸಂಜೆ ಕಾಕು ತಮ್ಮ ಬೋರಮಾಳ ಹಾಕಿಕೊಂಡು, ಮೊರದ ತುಂಬ ಶೇಂಗಾ ತೆಗೆದುಕೊಂಡು, ಬೇವಿನ ಕಟ್ಟೆಯ ಮೇಲೆ ಒಬ್ಬರೇ ಹೋಗಿ ಕೂತರು. ಮರುದಿನವೂ ಕೂತರು. ಅವರಿಗೆ ತಲೆ ಕೆಟ್ಟಿದೆ ಎಂದು ಕೆಲವರು ಕಿಂಡಿಯಿಂದ ನೋಡಿ ನಕ್ಕರು. ಮೂರನೆಯ ಸಂಜೆ ನಮ್ಮ ಮನೆಯ ಬಾಗಿಲು ಬಡಿದರು. ಅಪ್ಪ ಯಾರು ಯಾರು ಎಂದು ಕೇಳಿ ಕೇಳಿ ಅಗುಳಿ ತೆಗೆದ.

“ಅಣ್ಣಾರ, ಹುಡುಗೀನ್ನ ಅಕ್ಕೋರ ಮನಿಗೆ ನಾ ಕರಕೊಂಡ ಹೋಗತೀನ್ರಿ. ಬಂಗಾರ ಹಾಕ್ಕೊಂಡ ಹೋಗತೀನಿ. ನನಗೇನರ ಆದ್ರ ಆಕಿ ಸಾಲಿ ಬಿಡಸ್ರಿ.”

ಅಪ್ಪ ಗೂಟದಿಂದ ಪಾಟಿಚೀಲ ತೆಗೆದು ನನ್ನ ಕೈಗೆ ಕೊಟ್ಟ.

ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಮುಚ್ಚಿದ ಮನೆಗಳ ಒಳಗೆ ಮಗ್ಗಗಳ ಸಪ್ಪಳ ಮಾತ್ರ. ಕಾಕು ನನ್ನ ಕೈ ಹಿಡಿದಿದ್ದರು. ಬೇವಿನ ತಿರುವು ಹತ್ತಿರ ಬಂದಂತೆ ಆ ಹಿಡಿತ ಬಿಗಿಯಾಯಿತು. ಅಂಗೈ ಪೂರಾ ಬೆವತಿತ್ತು, ನನ್ನದಲ್ಲ, ಅವರದು. ತಲೆಯೆತ್ತಿ ನೋಡಿದೆ. ಕಂದೀಲಿನ ಬೆಳಕಿನಲ್ಲಿ ಮೂಗುತಿ ನಡುಗುತ್ತಿತ್ತು.

“ಕಾಕು, ಅಂಜಿಕಿ ಬರತೈತೇನ್ರಿ?”

“ಭಾಳ ಬರತೈತವ್ವಾ. ಯಾರ ಮುಂದೂ ಹೇಳಬ್ಯಾಡ.”

ಹಾಗೆಯೇ ನಡೆದೆವು. ಅಕ್ಕೋರು ಬಾಗಿಲು ತೆಗೆದಾಗ ಕಾಕು ಏನೂ ಆಗದವರಂತೆ, ಹುಡುಗಿ ಲೆಕ್ಕದಾಗ ದಡ್ಡ ಐತಿ, ಲಗೂ ತಿದ್ದರಿ ಎಂದು ನಕ್ಕರು.

ಪಾಠ ಮುಗಿಯುವವರೆಗೂ ಬೇವಿನ ಕಟ್ಟೆಯ ಮೇಲೆಯೇ ಕೂತು ಶೇಂಗಾ ಸುಲಿದರು. ಮುಂದೆ ದಿನಾಲೂ ಹಾಗೆಯೇ ನಡೆಯಿತು. ಮೊದಲು ನಮ್ಮವ್ವ ತನ್ನ ಮೊರ ಹಿಡಿದುಕೊಂಡು ಹೋಗಿ ಅವರ ಪಕ್ಕಕ್ಕೆ ಕೂತಳು. ಆಮೇಲೆ ಎದುರುಮನೆಯವರು ಬಂದರು. ಸರ ಕಳಕೊಂಡಿದ್ದ ಮುದುಕಿಯೂ ಒಂದು ಸಂಜೆ ಅದೇ ಸರ ಹಾಕಿಕೊಂಡು ಬಂದಳು. ಕಾಕು ಎದ್ದು ಅವಳಿಗೆ ಜಾಗ ಮಾಡಿಕೊಟ್ಟರು. ಅಷ್ಟರಲ್ಲಿ ಓಣಿ ಮೊದಲಿನ ಹಾಗೆ ಗದ್ದಲವಾಗಿತ್ತು, ಮತ್ತೆ ಯಾರೂ ಡಂಗುರದ ಮಾತು ತೆಗೆಯಲಿಲ್ಲ.

ನಾನು ಮುಲ್ಕಿ ಪಾಸಾದೆ. ಜಕ್ಕಲಿಯ ಸಾಲಿಯಲ್ಲಿ ಅಕ್ಕೋರಾದೆ. ಮೊದಲ ಪಗಾರದಲ್ಲಿ ಕಾಕುವಿಗೆ ಕುಪ್ಪಸದ ಖಣ ಒಯ್ದಿದ್ದೆ. ಲೆಕ್ಕಾನೂ ಕಲಸ್ತೀಯೇನ ಎಂದು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅದೇ ಕೊನೆಯ ಭೇಟಿ. ಮುಂದಿನ ಬೇಸಗೆಯಲ್ಲಿ ಸುದ್ದಿ ಬಂದು ನಾನು ಗಜೇಂದ್ರಗಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಿನಲ್ಲಿ ಅವರ ಮೊರ ಗೋಡೆಗೆ ಆನಿಸಿಟ್ಟಿತ್ತು...

ಮೊನ್ನೆ ಹುಡುಗರ ಹಲಗೆ ಕಾದು ಬಾರಿಸಲು ಶುರುವಾದಾಗ ನಾನು ಕಿಟಕಿಯ ಹತ್ತಿರವೇ ಕೂತಿದ್ದೆ. ಕಾಕುವಿನಷ್ಟು ಗಟ್ಟಿ ಹೆಣ್ಣುಮಗಳು ಹುಟ್ಟಲಿಲ್ಲ ಎಂದು ನಮ್ಮೂರವರು ಕೊನೆಯವರೆಗೂ ಹೇಳುತ್ತಿದ್ದರು. ನಾನೂ ಹೌದೆನ್ನುತ್ತಿದ್ದೆ. ಹಾಗೆ ಹೇಳುತ್ತಿದ್ದವರು ಈಗ ಒಬ್ಬರೂ ಉಳಿದಿಲ್ಲ. ಆ ಬೆವತ ಅಂಗೈ ಗೊತ್ತಿರುವವಳು ನಾನೊಬ್ಬಳೇ. ನಾನೂ ಹೋದರೆ ಅದೂ ಹೋಗುತ್ತದೆ.

ಇಷ್ಟು ವರ್ಷ ಯಾರ ಮುಂದೂ ಹೇಳಿರಲಿಲ್ಲ, ಕಾಕು. ಇವತ್ತು ಹೇಳಿಬಿಟ್ಟೆ.