ಕಂಪ್ಲೇಂಟ್ ಬರೆಯದ ದಫೇದಾರರಿಗೆ ಮಾನಪತ್ರ

ನಿವೃತ್ತರಾಗಲಿದ್ದ ಪೊಲೀಸ್ ದಫೇದಾರರನ್ನು ಸನ್ಮಾನಿಸಲು ನಮ್ಮ ಹೇರೋಹಳ್ಳಿ ಬಡಾವಣೆಯ ಸಂಘ ತೀರ್ಮಾನಿಸಿದಾಗ ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕನ್ನಡ ಎಂ.ಎ. ಮಾಡಿದ್ದರಿಂದ ಹೇರೋಹಳ್ಳಿಗೆ ಆಗಿರುವ ಉಪಯೋಗ ಇಷ್ಟೇ: ಗೃಹಪ್ರವೇಶದ ಕರೆಯೋಲೆ, ಶ್ರದ್ಧಾಂಜಲಿ, ಮಾನಪತ್ರ.

"ಸಾಹಸಗಳನ್ನ ಚೆನ್ನಾಗಿ ಬರೀರಿ ಮೇಡಂ, ಇನ್ಸ್‌ಪೆಕ್ಟರ್ ಸಾಹೇಬ್ರೇ ಬರ್ತಿದಾರೆ," ಎಂದರು ಸಂಘದ ಅಧ್ಯಕ್ಷರು.

ಸಾಹಸಕ್ಕೆ ನಾನು ಎಲ್ಲಿಗೆ ಹೋಗಲಿ? ಇಪ್ಪತ್ತು ವರ್ಷದಿಂದ ಅವರ ಬೀಟ್ ಪುಸ್ತಕ ನೇತಾಡುತ್ತಿದ್ದದ್ದು ನಮ್ಮ ಗೇಟಿಗೇ. ದಿನವೂ ಗಸ್ತಿಗೆ ಬಂದು, ಬಂದ ಗುರುತಿಗೆ ಅದರಲ್ಲಿ ಸಹಿ ಹಾಕಿ, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದರು. ಅವರು ಓಡಿದ್ದನ್ನು ನಾನು ಕಂಡದ್ದು ಒಂದೇ ಸಲ. ಅಂದು ಅವರನ್ನು ಅಟ್ಟಿಸಿಕೊಂಡು ಬಂದದ್ದು ನಾಯಿ. ಅವರ ಕಸುಬಿನ ಗುಟ್ಟೇ ಬೇರೆ. ಯಾರಾದರೂ ಕೋಪದಲ್ಲಿ ಕುದಿಯುತ್ತಾ ದೂರು ಹಿಡಿದು ಬಂದರೆ, ಜೇಬಿನಲ್ಲಿ ಎರಡೆರಡು ಪೆನ್ನು ಸಿಕ್ಕಿಸಿಕೊಂಡೇ, "ಅಯ್ಯೋ, ಪೆನ್ ಬರೀತಿಲ್ಲ ಕಣಣ್ಣ. ನಾಳೆ ಬೆಳಿಗ್ಗೆ ತಿಂಡಿ ತಿಂದ್ಕೊಂಡು ಬನ್ನಿ," ಎನ್ನುತ್ತಿದ್ದರು. ತಿಂಡಿ ತಿಂದವರು ಬಹುಪಾಲು ಬರುತ್ತಿರಲಿಲ್ಲ.

ಇದನ್ನೇ ಚೆಂದಗಾಣಿಸಿ ಬರೆದು, ಮರುದಿನ ಅವರು ಬೀಟಿಗೆ ಬಂದಾಗ ಓದಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಅಮ್ಮಾ, ತಿಂಗಳ ಕೊನೇಲಿ ರಿಟೈರ್ ಆಗೋನ ಮೇಲೆ ಎನ್‌ಕ್ವೈರಿ ಹಾಕಿಸ್ತೀರಾ? ಕಂಪ್ಲೇಂಟ್ ತಗೊಳ್ದೆ ಕಳ್ಸೋದು ತಪ್ಪು. ಅದನ್ನ ಸಾಹೇಬ್ರ ಎದುರಿಗೇ ಓದ್ತೀರಲ್ಲ!"

"ಮತ್ತೇನು ಬರೀಲಿ?"

"ದಕ್ಷ, ಪ್ರಾಮಾಣಿಕ ಅಂತ ಹಾಕಿ. ಎಲ್ರಿಗೂ ಹಾಕೋದೇ."

ಹಾಕಿದೆ. ಯಾವ ದಫೇದಾರರಿಗಾದರೂ ಒಪ್ಪುವ, ಹೆಸರು ತಿದ್ದಿದರೆ ಬ್ಯಾಂಕ್ ಮ್ಯಾನೇಜರಿಗೂ ಒಪ್ಪುವ ಮಾನಪತ್ರ ಸಿದ್ಧವಾಯಿತು.

ಭಾನುವಾರ ಪಾರ್ಕಿನಲ್ಲಿ ಶಾಮಿಯಾನ. ದಫೇದಾರರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಓದುವಷ್ಟು ಹೊತ್ತೂ ಇನ್ಸ್‌ಪೆಕ್ಟರ್ ಫೋನ್ ನೋಡುತ್ತಿದ್ದರು. ಸದ್ಯ, ಗಂಡಾಂತರ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ ಅಧ್ಯಕ್ಷರು, "ಯಾರಾದ್ರೂ ಎರಡು ಮಾತಾಡೋರಿದ್ರೆ ಬನ್ನಿ," ಎಂದುಬಿಟ್ಟರು.

ಹಳೇ ಊರಿನ ಹಿರಿಯರೊಬ್ಬರು ವೇದಿಕೆ ಹತ್ತಿದರು. ಹಿಂದೊಮ್ಮೆ ಸೈಟಿನ ಗೋಡೆಗಾಗಿ ತಮ್ಮನೊಂದಿಗೆ ಹೊಡೆದಾಡಿ, ಒಡೆದ ಹಣೆಯಲ್ಲೇ ದೂರು ಕೊಡಲು ಹೋಗಿದ್ದವರು.

"ನಾನೂ ನನ್ ತಮ್ಮಾನೂ ಇವತ್ತು ಒಟ್ಟಿಗೆ ಕೂತು ಉಣ್ತಿದೀವಿ ಅಂದ್ರೆ ಈ ಮಹಾನುಭಾವ್ರಿಂದ. ಅವತ್ತು ನಾನು ಕಂಪ್ಲೇಂಟ್ ಕೊಡಕ್ಕೆ ಹೋದ್ರೆ ಇವ್ರು ಏನ್ ಮಾಡುದ್ರು ಗೊತ್ತಾ..."

ಇನ್ಸ್‌ಪೆಕ್ಟರ್ ಫೋನ್ ಕೆಳಗಿಟ್ಟರು.

ದಫೇದಾರರು ತಟಕ್ಕನೆ ಎದ್ದರು. ತಮ್ಮ ತಲೆಯ ಪೇಟ ತೆಗೆದು ಆ ಹಿರಿಯರ ತಲೆಗಿಟ್ಟರು, ಶಾಲನ್ನೂ ಹೊದಿಸಿ ಕಾಲಿಗೆ ಬಿದ್ದರು. ಚಪ್ಪಾಳೆಯೋ ಚಪ್ಪಾಳೆ. ಫೋಟೋದವನು ಓಡಿ ಬಂದ. ಪೇಟ ಕಣ್ಣಿನ ಮೇಲಿಳಿದು ಕಕ್ಕಾಬಿಕ್ಕಿಯಾದ ಹಿರಿಯರು, "ಅಯ್ಯೋ ಬಿಡಿ ಸ್ವಾಮಿ, ಎದ್ದೇಳಿ," ಎನ್ನುತ್ತಾ ಅತ್ತೇಬಿಟ್ಟರು. ಮಾತು ಅಲ್ಲಿಗೆ ನಿಂತಿತು.

ಕೊನೆಗೆ ಇನ್ಸ್‌ಪೆಕ್ಟರ್ ಮೈಕ್ ಹಿಡಿದರು. "ನಮ್ಮ ಸ್ಟೇಷನ್‌ಗೆ ತೀರಾ ಕಡಿಮೆ ದೂರು ಬರೋದು ಇವ್ರ ಬೀಟಿಂದ. ಯಾಕೆ ಹೇಳಿ? ಕಾನೂನಿನ ವಿಷಯದಲ್ಲಿ ಇವ್ರು ಅಷ್ಟು ಕಟ್ಟುನಿಟ್ಟು!"

ಇಡೀ ಬಡಾವಣೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ದಫೇದಾರರು ಮಾತ್ರ ಬರಿದಲೆಯಲ್ಲಿ ನೆಲ ನೋಡುತ್ತಾ ಕೂತಿದ್ದರು.