ಹನ್ನೊಂದನೆಯ ಕಲಮು

ಅವ್ವನಿಗೆ ಆ ಫಾರಂ ಓದಿ ಹೇಳಿದ್ದು ಸೋಮವಾರವೋ ಮಂಗಳವಾರವೋ ಖಚಿತವಿಲ್ಲ. ಮಂಗಳವಾರ ಇರಬೇಕು, ಇಳಕಲ್ಲಿನಿಂದ ಬರುವ ಬಸ್ಸು ಅಂದು ತಡವಾಗಿತ್ತು. ಬಸ್ಸು ಬೇರೆ ದಿನವೂ ತಡವಾಗುತ್ತದೆ. ದಿನ ತಪ್ಪಿದರೆ ಏನೂ ಆಗುವುದಿಲ್ಲ. ಆದರೆ ಅದರಲ್ಲಿದ್ದ ಹನ್ನೊಂದನೆಯ ಕಲಮನ್ನು ಓದಿದೆನೋ, ಹಾರಿಸಿದೆನೋ ಎಂಬುದೂ ನೆನಪಿಲ್ಲ. ದಿನಚರಿಯಲ್ಲಿ ‘ಓದಿ ಹೇಳಿದೆ, ಸಹಿ ಆಯಿತು’ ಎಂದಿದೆ. ಬರೆದವಳು ನಾನೇ ಆದ್ದರಿಂದ ಅದನ್ನು ಸಾಕ್ಷಿ ಎಂದು ಹಿಡಿಯಲು ಬರುವುದಿಲ್ಲ.

ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಗುಡೂರಿನಲ್ಲಿ ಅವ್ವನ ಜೊತೆ ಇರುತ್ತೇನೆ. ಧಾರವಾಡದಲ್ಲಿ ಓದುವಾಗ ಗೆಳತಿಯರೊಂದಿಗೆ ಬಾದಾಮಿಗೆ ಬಂದು ಬಂಡೆ ಹತ್ತುವುದನ್ನು ಕಲಿತೆ. ಆಮೇಲೆ ಹಿಮಾಲಯದಲ್ಲಿ ಎರಡು ಸಣ್ಣ ಶಿಖರಗಳನ್ನು ಹತ್ತಿದ್ದೇನೆ. ಈ ಸಲದ್ದು ಸಣ್ಣದಲ್ಲ. ಕಿನ್ನೌರದ ಕೊನೆಯ ಹಳ್ಳಿಯಿಂದ ಆರು ದಿನ ನಡೆದರೆ ಅದರ ಬುಡ ಸಿಗುತ್ತದೆ. ನಾವು ಐದು ಮಂದಿ, ಆ ಕಡೆಯವನೇ ಆದ ಒಬ್ಬ ಗೈಡು, ಒಬ್ಬ ಅಡುಗೆಯವನು, ಸಾಮಾನಿಗೆ ಹೇಸರಗತ್ತೆಗಳು.

ಏಳು ತಿಂಗಳಿಂದ ತಯಾರಿ ನಡೆದಿದೆ. ಬೇರೆ ಯಾರದೋ ಪ್ರಯಾಣಕ್ಕೆ ಸಾಮಾನು ಹೊಂದಿಸಿ ಕೊಡುವವಳ ಹಾಗೆ ಒಂದೊಂದೇ ಕೆಲಸ ಮುಗಿಸಿದ್ದೇನೆ. ಬಾಗಲಕೋಟೆಯ ದವಾಖಾನೆಯಲ್ಲಿ ಎದೆ, ರಕ್ತ ಎಲ್ಲ ನೋಡಿದ ಡಾಕ್ಟರು, “ಹೆದರಿಕಿ ಆಗೂದಿಲ್ಲೇನ್ರಿ?” ಎಂದು ಕೇಳಿದರು. ಇಲ್ಲ ಎಂದೆ. ಅದು ಧೈರ್ಯವಲ್ಲ. ಹೆದರಿಕೆ ಇರಬೇಕಾದ ಕಡೆ ಹುಡುಕಿದೆ, ಏನೂ ಸಿಗಲಿಲ್ಲ, ಅಷ್ಟೇ.

ಭಾರ ಹೊತ್ತು ಹತ್ತುವ ರೂಢಿಗೆ ಇಳಕಲ್ಲಿನ ಪಾಲಿಶ್ ಕಾರ್ಖಾನೆಯಿಂದ ಕೆಂಪು ಗ್ರಾನೈಟಿನ ತುಂಡುಗಳನ್ನು ತಂದೆ. ಅಲ್ಲಿಯ ಚಾಚಾ ತುಂಡುಗಳನ್ನು ಆರಿಸಿ ಕೊಡುತ್ತಾ, “ಮೇಡಂ, ಬಾದಾಮಿ ಗುಡ್ಡದಾಗ ಕಲ್ಲ ಸಾಲೂದಿಲ್ಲಂತ ಇಲ್ಲಿಂದ ಒಯ್ಯಾಕತ್ತೀರೇನ್ರಿ?” ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಎಂದುಕೊಂಡಿದ್ದೇನೆ. ಭಾನುವಾರಗಳಂದು ಆ ಕಲ್ಲುಗಳನ್ನು ಬೆನ್ನಿಗೆ ಹಾಕಿಕೊಂಡು ಬಾದಾಮಿಯ ಮೆಟ್ಟಿಲು ಹತ್ತಿ ಇಳಿದೆ.

ಗೈಡು ಕಳಿಸಿದ ಫಾರಂ ಇಂಗ್ಲಿಷಿನಲ್ಲಿತ್ತು, ಹನ್ನೆರಡು ಕಲಮು. ಮನೆಯವರೊಬ್ಬರ ಸಹಿ ಬೇಕಿತ್ತು. ಹನ್ನೊಂದನೆಯದು ಹೀಗಿತ್ತು: ಮೇಲೆ ಯಾರಾದರೂ ಸತ್ತರೆ, ಹೆಣ ಇಳಿಸುವುದು ಉಳಿದವರ ಜೀವಕ್ಕೆ ಅಪಾಯ ಎಂದಾದರೆ, ಅಲ್ಲಿಯೇ ಬಿಡಲು ಒಪ್ಪಿಗೆ ಇದೆಯೇ? ನಾನು ‘ಇದೆ’ ಎಂದು ಗುರುತು ಹಾಕಿದೆ. ಒಂದು ಹೆಣಕ್ಕಾಗಿ ಇನ್ನೊಬ್ಬರು ಸಾಯಬೇಕಾಗಿಲ್ಲ. ಗುರುತು ಹಾಕಿ ಚಹಾ ಕುಡಿದೆ.

ಆದರೆ ನಮ್ಮ ಮನೆಯ ಒಂದು ಹೆಣ ಮೊದಲೇ ಸಿಗದೆ ಹೋಗಿದೆ. ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದಾಗ ಮಲಪ್ರಭೆ ಏರಿತು. ಅಪ್ಪ ಕುರಿ ಹಿಂಡಿನೊಂದಿಗೆ ಹೊಳೆಯ ಆಚೆ ದಂಡೆಯಲ್ಲಿದ್ದ. ಕುರಿಗಳು ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿದ್ದವು. ಅಪ್ಪ ಸಿಗಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೂಳಲು ಏನೂ ಇರಲಿಲ್ಲ. ದೊಡ್ಡಪ್ಪ ಬಾಗಿಲಲ್ಲಿ ನಿಂತು, “ಖಾಲಿ ಕುಣಿಗೆ ಮಣ್ಣ ಹಾಕಬಾರದು. ಅವನ ಮೈಗೆ ಹತ್ತಿದ್ದು ಏನರ ಇದ್ರ ಕೊಡ್ರಿ,” ಎಂದ. ಅಪ್ಪನ ಬಟ್ಟೆಗಳನ್ನು ಅವ್ವ ಒಗೆದು ಮಡಚಿಟ್ಟಿದ್ದಳು. ಒಗೆಯದೆ ಉಳಿದಿದ್ದು ಅವನು ಹೊದೆಯುತ್ತಿದ್ದ ಹಳೆಯ ಕಂಬಳಿ ಒಂದೇ. ಅದನ್ನೇ ಹೂಳಿದರು. ಹೊರಗೆ ಒಯ್ಯುವ ಮೊದಲು ಅವ್ವ ಅದನ್ನು ಮೂಸಿದಳು ಎಂದು ನನ್ನ ನೆನಪು. ಹಾಗೇನೂ ಮಾಡಲಿಲ್ಲ ಎಂದು ಅವಳು ಹೇಳುತ್ತಾಳೆ.

ಫಾರಂ ತೆಗೆದಾಗ ಅವ್ವ ಒಲೆಯ ಮುಂದಿದ್ದಳು.

“ಅಲ್ಲಿ ಕುರಿ ಅದಾವೇನು?”

“ಅದಾವಂತ. ಕೆಳಗ, ಹುಲ್ಲ ಇರೂ ತನಕ.”

“ಮ್ಯಾಲ?”

“ಮ್ಯಾಲ ಏನೂ ಇಲ್ಲಬೇ. ಬರೇ ಬರ್ಫ.”

“ಕುರಿನೂ ಹೋಗದ ಜಾಗಕ್ಕ ಸಾಲಿ ಕಲತಾಕಿ ಹೊಂಟಾಳ,” ಎಂದು ಅವ್ವ ಹಂಚಿಗೆ ಹೇಳಿದಳು. “ಓದು, ಏನ ಬರದಾರ ಕೇಳೂಣು.”

ಊಟ, ಡೇರೆ, ಕಾಯಿಲೆ, ಎಲ್ಲ ಓದಿದೆ. ಹತ್ತನೆಯದು ಹೇಸರಗತ್ತೆಗಳ ಭಾರದ ಬಗ್ಗೆ. “ಕತ್ತೆಗೂ ಕಾಯ್ದೆ ಐತಿ?” ಎಂದು ಅವ್ವ ನಕ್ಕಿದ್ದು ಚೆನ್ನಾಗಿ ನೆನಪಿದೆ. ಹನ್ನೆರಡನೆಯದು ಫೋಟೋಗಳ ಬಗ್ಗೆ, ಅದೂ ನೆನಪಿದೆ. ನಡುವಿನ ಹನ್ನೊಂದನೆಯದನ್ನು ನಾನು ಇದ್ದ ಹಾಗೆ ಕನ್ನಡದಲ್ಲಿ ಹೇಳಿರಬಹುದು. ಇಲ್ಲವೇ, “ಇದು ಎಲ್ಲಾರಿಗೂ ಸುಮ್ಮನ ಹಾಕಿರತಾರ,” ಎಂದು ಮುಂದೆ ಹೋಗಿರಬಹುದು. ಎರಡೂ ಮಾತು ನನ್ನ ದನಿಯಲ್ಲೇ ಕೇಳಿಸುತ್ತವೆ. ಅವ್ವ ಕೈ ಒರೆಸಿಕೊಂಡು, ಮಹಿಳಾ ಸಂಘದಲ್ಲಿ ಕಲಿತ ಸಹಿಯನ್ನು ನಿಧಾನವಾಗಿ ಹಾಕಿದಳು.

ನಿನ್ನೆ ಚೀಲ ತುಂಬಿದೆ. ಗೈಡಿನ ಪಟ್ಟಿಯಲ್ಲಿದ್ದದ್ದೆಲ್ಲ ಹಾಕಿದ ಮೇಲೆ, ಪಟ್ಟಿಯಲ್ಲಿಲ್ಲದ ನನ್ನ ಕಂಬಳಿಯನ್ನೂ ಹಾಕಿದೆ. ಧಾರವಾಡಕ್ಕೆ ಹೊರಟಾಗ ಅಪ್ಪ ನಮ್ಮ ಕುರಿಗಳ ಉಣ್ಣೆಯಿಂದಲೇ ನೇಯಿಸಿ ಕೊಟ್ಟಿದ್ದು. ಅಂದಿನಿಂದ ಅದನ್ನೇ ಹೊದೆಯುತ್ತೇನೆ. ಚೀಲವನ್ನು ಗಿರಣಿಯ ಕಾಟಾದ ಮೇಲಿಟ್ಟು ತೂಗಿದೆ. ಹತ್ತೊಂಬತ್ತು ಕಿಲೋ. ಒಬ್ಬೊಬ್ಬರಿಗೆ ಇಪ್ಪತ್ತರ ತನಕ ಅವಕಾಶವಿದೆ. “ಇನ್ನೂ ಒಂದ ಕಿಲೋ ಹಿಡಿತೈತಿ,” ಎಂದು ಅವ್ವನಿಗೂ ಹೇಳಿದೆ.

ಇವತ್ತು ಬೆಳಿಗ್ಗೆ ಎತ್ತಿದಾಗ ಚೀಲ ಹಗುರ ಅನಿಸಿತು. ಬಿಚ್ಚಿ ನೋಡಿದೆ. ಕಂಬಳಿ ಇದ್ದ ಜಾಗದಲ್ಲಿ ಶೇಂಗಾ ಚಟ್ನಿಯ ಡಬ್ಬಿ ಇತ್ತು. ಒಳಕೋಣೆಯಲ್ಲಿ ಅವ್ವನ ಟ್ರಂಕಿನ ಮುಚ್ಚಳ ಪೂರ್ತಿ ಕೂತಿರಲಿಲ್ಲ. ಕಂಬಳಿಯ ಕಪ್ಪು ಅಂಚು ಹೊರಗೆ ಕಾಣುತ್ತಿತ್ತು.

ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಕೇಳಿದೆ. ಅವಳು ಒಂದು ಹರಳು ಆರಿಸಿ ಎಸೆದಳು. ಆಮೇಲೆ, ರೈಲಿಗೆ ಎಷ್ಟು ರೊಟ್ಟಿ ಕಟ್ಟಲಿ ಎಂದಳು. ಹತ್ತು ಎಂದೆ. ನಾಳೆ ಬಾಗಲಕೋಟೆಯಿಂದ ರೈಲು. ಅಷ್ಟರೊಳಗೆ ಮತ್ತೊಮ್ಮೆ ಕೇಳುತ್ತೇನೋ ಇಲ್ಲವೋ ಗೊತ್ತಿಲ್ಲ. ಕೇಳಿದ್ದು ಇಷ್ಟೇ:

“ನನ್ನ ಕಂಬಳಿ ಯಾಕ ತಗದಿಟ್ಟಿಬೇ?”