ಆಯಿ ಓದುವ ಹಾಗೆ

ನನ್ನ ಮಗಳು ಒಂದನೆಯ ಇಯತ್ತೆಯಲ್ಲಿದ್ದಾಗಲೇ ಸಾಲಿ ಪುಸ್ತಕವನ್ನು ನೀರು ಕುಡಿದಷ್ಟು ಸರಾಗವಾಗಿ ಓದುತ್ತಿದ್ದಳು. ಮನೆಗೆ ಯಾರೇ ಬರಲಿ, ಅವರ ಕೈಗೆ ಚಹಾ ಹೋಗುವ ಮೊದಲೇ ನಾನು ಅವಳನ್ನು ಕರೆದು, "ಒಂದ ಪಾಠ ಓದಿ ತೋರಸ ಬಾ" ಅನ್ನುತ್ತಿದ್ದೆ. ಅವಳು ಬಚ್ಚಲಿಗೆ ಹೋಗಿ ಕೈ ತೊಳೆದು ಬರುವಳು. ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತು, ತೊಡೆಯ ಮೇಲೆ ಇಟ್ಟುಕೊಳ್ಳುವಳು. ಬೆರಳು ಸಾಲಿನ ಮೇಲೆ ಸರಿಯುತ್ತಿತ್ತು, ಹಾಳೆ ಸರಿಯಾದ ಹೊತ್ತಿಗೆ ಮಗುಚುತ್ತಿತ್ತು, ಎಲ್ಲೂ ತಡೆಯಿಲ್ಲ, ತೊದಲಿಲ್ಲ. ಬಂದವರು "ಭಾಳ ಶಾಣ್ಯಾಕಿ ಅದಾಳ್ರಿ" ಎಂದರೆ ನಾನು "ಏ, ಎಲ್ಲೀದ್ರಿ" ಎಂದು ಬಾಯಿಮಾತಿಗೆ ಹೇಳಿ ಒಳಗೊಳಗೇ ಉಬ್ಬುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣವೇ ಅಲ್ಲ, ನವಿಲು ಎಂದು ನಾನು ನಂಬಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ನಮ್ಮ ಮನೆಯವರು, ಮಗಳು, ಅತ್ತೆ, ನಾಲ್ಕೇ ಜನ. ಮಗಳು ಎರಡನೆಯ ಇಯತ್ತೆಗೆ ಹೋದ ಮಳೆಗಾಲದಲ್ಲಿ ನಾನು ಧಾರವಾಡದ ತವರಿಗೆ ಹೋಗಿ ಬರುವಾಗ ಅಲ್ಲಿನ ಪೇಟೆಯಿಂದ ಓದು ಕಲಿಸುವ ವರ್ಕ್‌ಬುಕ್ಕೊಂದನ್ನು ತಂದೆ. ದಪ್ಪ ಅಕ್ಷರ, ಪ್ರತಿ ಹಾಳೆಗೂ ಚಿತ್ರ, ಕೆಳಗೆ ಉತ್ತರ ಬರೆಯಲು ಚುಕ್ಕೆ ಗೆರೆ. ಇಂಥ ಜಾಣೆಗೆ ಇದು ಎರಡು ದಿನದ ಮೇವು ಅಂದುಕೊಂಡು ಮೊದಲ ಹಾಳೆ ತೆಗೆದು ಕೊಟ್ಟೆ.

ಅವಳು ಕೈ ತೊಳೆದು ಬಂದಳು, ಕಣ್ಣಿಗೆ ಒತ್ತಿಕೊಂಡಳು, ತೊಡೆಯ ಮೇಲಿಟ್ಟು ಮೊದಲ ಸಾಲಿಗೆ ಬೆರಳಿಟ್ಟಳು. ಆಮೇಲೆ ನನ್ನ ಮುಖ ನೋಡುತ್ತ ಕೂತಳು.

"ಓದವಾ," ಎಂದೆ.

"ನೀ ಒಮ್ಮೆ ಅನ್ನು ಮಮ್ಮಿ. ಆಮ್ಯಾಲ ನಾ ಓದತೇನಿ."

ನನಗೆ ಮೊದಲು ತಿಳಿಯಲೇ ಇಲ್ಲ. ಹಟ ಮಾಡುತ್ತಿದ್ದಾಳೆ ಎಂದು ಗದರಿದೆ. ಅವಳು ಹಟ ಮಾಡುತ್ತಿರಲಿಲ್ಲ. ಸಾಲಿ ಪುಸ್ತಕ ತಂದು ನಡುವಿನ ಒಂದು ಶಬ್ದ ತೋರಿಸಿ ಇದೇನು ಎಂದು ಕೇಳಿದೆ. ಅವಳು ಪಾಠದ ಮೊದಲಿನಿಂದ ಪಿಸುಗುಡುತ್ತ, ಬೆರಳು ಸರಿಸುತ್ತ ಆ ಶಬ್ದದವರೆಗೆ ಬಂದು ಹೇಳಿದಳು. ಅದರ ಪಕ್ಕದ ಶಬ್ದವನ್ನು ಒಂದು ಚೀಟಿಯ ಮೇಲೆ ಬರೆದು ತೋರಿಸಿದರೆ ಅದು ಅವಳಿಗೆ ಇರುವೆಯ ಸಾಲು. ಅಕ್ಷರಮಾಲೆಯನ್ನು ಒಂದೇ ಉಸಿರಿಗೆ ಒಪ್ಪಿಸುವ ಹುಡುಗಿಗೆ ಬಿಡಿಯಾಗಿ ಒಂದು ಅಕ್ಷರವೂ ಗುರುತಿರಲಿಲ್ಲ. ನನ್ನ ನವಿಲು ಗಿಣಿಯಾಗಿತ್ತು.

ಮರುದಿನ ಸಾಲಿಗೆ ಹೋಗಿ ಅವಳಿಗೆ ಕಲಿಸುವ ಅಕ್ಕೋರಿಗೆ ಹೇಳಿದೆ. ಅವರು ಪಾಪ, ನನಗಿಂತ ಹೆಚ್ಚು ಗಾಬರಿಯಾದರು. "ನಾನೂ ಮೋಸ ಹೋದ್ನಿ ನೋಡ್ರಿ. ಹಿಂದ ಕುಂತ ಹುಡುಗ್ರಿಗೆ ಆಕಿ ಕಡೆಯಿಂದನ ಓದಸತಿದ್ದೆ," ಎಂದರು. ಆಮೇಲೆ ದನಿ ತಗ್ಗಿಸಿ, "ಮೂರನೇದ್ದಕ್ಕ ಹೋದ್ರ ನೋಡದ ಪಾಠಾನೂ ಓದಬೇಕಾಗತೈತ್ರಿ. ಬ್ಯಾಸಗಿ ಸೂಟಿಯೊಳಗ ಓದಾಕ ಬರಲಿಲ್ಲಂದ್ರ ಇನ್ನೊಂದ ವರ್ಷ ಎರಡನೇದ್ದರಾಗನ ಇರ್ಲಿ. ಇಲ್ಲಂದ್ರ ಮುಂದ ಕೂಸು ಸಾಲೀನ ಬ್ಯಾಡ ಅಂದೀತು," ಎಂದರು. ಒಂದು ವರ್ಷ ಹಿಂದೆ ಉಳಿಯುವುದಕ್ಕಿಂತ ಆ ಕೊನೆಯ ಮಾತು ನನಗೆ ಹೆಚ್ಚು ನಾಟಿತು.

ಗಿಣಿಪಾಠ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಧರಿಸಿ, ನಮ್ಮ ಅತ್ತೆ ಕೈ ತೊಳೆದುಕೊಂಡು ವಚನದ ಪುಸ್ತಕ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ತೊಡೆಯ ಮೇಲೆ ತೆರೆದಿಟ್ಟುಕೊಂಡು, ಸಾಲಿನ ಮೇಲೆ ಬೆರಳು ಸರಿಸುತ್ತ ವಚನ ಹೇಳುತ್ತಿದ್ದರು. ಮಗಳು ಹುಟ್ಟಿದಾಗಿನಿಂದ ತನ್ನ ಈ ಆಯಿಯ ಪಕ್ಕದಲ್ಲಿ ಕೂತು ಕೇಳಿದವಳು. ಅತ್ತೆಗೆ ಅಕ್ಷರ ಬರುವುದಿಲ್ಲ ಎಂಬುದು ನನಗೂ ಮನೆಯವರಿಗೂ ಗೊತ್ತಿತ್ತು. ಮದುವೆ ಕಾರ್ಡು ಬಂದರೆ "ಕಣ್ಣಿಗೆ ಮಬ್ಬು ಹತ್ತೈತಿ, ಓದಿ ಹೇಳವಾ" ಎಂದು ನನ್ನ ಕೈಗೆ ಕೊಡುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಆ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಅಷ್ಟು ವಚನ ಬಾಯಲ್ಲಿದ್ದ ಇನ್ನೊಬ್ಬರನ್ನು ನಮ್ಮ ಓಣಿಯಲ್ಲಿ ನಾನು ಕಂಡಿರಲಿಲ್ಲ. ಆದರೆ ಕೂಸು ಅದನ್ನೇ ಓದು ಅಂದುಕೊಂಡಿತ್ತು. ಬರುವುದನ್ನು ಹೇಳುವಾಗ ಮುಂದೆ ಪುಸ್ತಕ ಇಟ್ಟುಕೊಳ್ಳಬೇಕು, ಅದೇ ಓದುವುದು.

ವರ್ಕ್‌ಬುಕ್ ಹಿಡಿದು ಕೂತೆವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಕಲಿಸುವವರಿಗೆ ಇರಬಾರದ ಗುಣ. ನಾನು ಬಿಡಿಸಿ ಬಿಡಿಸಿ ಓದಿ ತೋರಿಸಿದಷ್ಟೂ ಅವಳು ಅದನ್ನೇ ಬಾಯಿಪಾಠ ಮಾಡಿ ಸಂಜೆಗೆ ಒಪ್ಪಿಸುತ್ತಿದ್ದಳು. ಪುಸ್ತಕ ಮುಗಿಯಿತು, ಓದು ಬರಲಿಲ್ಲ. ಇನ್ನೊಂದು ತಂದೆ, ಅದೂ ಮುಗಿಯಿತು.

ನಮ್ಮ ಮನೆಯವರು ತಾರಿಹಾಳದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿದ್ದರು. ಅಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದಾಗ ಒಂದನ್ನು ಮನೆಗೆ ತಂದು, ಫೋನಿನ ಲೈನಿಗೆ ಇಂಟರ್ನೆಟ್ ಹಾಕಿಸಿದರು. ಹೊರದೇಶದಲ್ಲಿದ್ದ ಕನ್ನಡದವರು ಯಾರೋ ತಮ್ಮ ಮಕ್ಕಳಿಗಾಗಿ ಮಾಡಿಟ್ಟಿದ್ದ ಪಾಠಗಳನ್ನು ಹುಡುಕಿ ತೆಗೆದವರೂ ಅವರೇ. ಅಕ್ಷರದ ಮೇಲೆ ಒತ್ತಿದರೆ ಹೆಂಗಸೊಬ್ಬಳು ನಯವಾದ ದನಿಯಲ್ಲಿ ಅದನ್ನು ಹೇಳುತ್ತಿದ್ದಳು. ಮಗಳು ಅವಳನ್ನು "ಕಂಪ್ಯೂಟರ್ ಅಕ್ಕೋರು" ಎಂದು ಕರೆದಳು. ವಾರ ಕಳೆಯುವುದರೊಳಗೆ ಅಕ್ಕೋರು ಬಾಯಿ ತೆರೆಯುವ ಮೊದಲೇ ಇವಳು ಪಟಪಟ ಹೇಳತೊಡಗಿದಳು. ಮನೆಯವರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ನಾನು ಎದ್ದು ಸ್ಪೀಕರಿನ ವೈರು ಕಿತ್ತು, ಪಾಠದ ನಡುವಿಗೆ ಹಾರಿ, ಒಂದು ಅಕ್ಷರ ತೋರಿಸಿದೆ. ಅವಳ ಕಣ್ಣು ಸ್ಪೀಕರಿನ ಕಡೆ ಹೋಯಿತು. ಆ ಅಕ್ಕೋರ ಪಾಠದ ಸರದಿಯನ್ನೂ ಅವಳು ಕೇಳಿ ಕೇಳಿಯೇ ಕಲಿತಿದ್ದಳು.

"ಇದು ಓದೂದಲ್ಲ!" ಎಂದು ಕೂಗಿಬಿಟ್ಟೆ.

ಅವಳು ನನ್ನ ಮಗಳಲ್ಲವೇ, ಸುಮ್ಮನಿರಲಿಲ್ಲ. "ಆಯಿ ಹಿಂಗ ಓದತಾಳಲ್ಲ? ಆಯಿಗೆ ಯಾರೂ ಬೈಯೂದಿಲ್ಲ. ನಂದಷ್ಟ ಯಾಕ ತಪ್ಪು?" ಎಂದು ಕೇಳಿದಳು.

ಆಯಿಗೆ ಓದು ಬರುವುದಿಲ್ಲ ಎಂದು ಮೊಮ್ಮಗಳಿಗೆ ಹೇಳುವುದು ಹೇಗೆ? ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನನಗೆ ಒಂದು ಮಾತು ಬಿರುಸಾಗಿ ಆಡದ ಹೆಂಗಸು ಅವರು.

ಅತ್ತೆ ಅಡಿಗೆ ಮನೆಯ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೊರ ಕೆಳಗಿಟ್ಟು ಬಂದು ಮಗಳ ಮುಂದೆ ನೆಲದ ಮೇಲೆ ಕೂತರು.

"ಕೂಸ, ಇಲ್ಲಿ ನೋಡು. ನಾ ಮಾಡೂದು ಓದೂದಲ್ಲ. ನನಗ ಅಕ್ಷರ ಬರೂದಿಲ್ಲ."

"ಮತ್ತ ಪುಸ್ತಕ?"

"ಅದು ಮುಂದಿದ್ರ ಮನಸ್ಸು ಅತ್ತಿತ್ತ ಹೋಗೂದಿಲ್ಲ. ಅದಕ್ಕ ಇಟ್ಕೊಂಡ ಕುಂದರತೇನಿ. ನಮ್ಮಪ್ಪ ವಚನ ಅಂತಿದ್ದ, ನಾ ಕೇಳಿ ಕಲತೆ. ಅದು ಅನ್ನೂದವಾ. ನಿಮ್ಮವ್ವ ಹೇಳಾಕತ್ತಾಳಲ್ಲ, ಅದು ಓದೂದು. ಅದು ನನಗ ಬರಲಿಲ್ಲ. ನಿನಗ ಬರಬೇಕು."

ಮಗಳು ಅವರ ಮುಖವನ್ನೇ ನೋಡಿದಳು. "ಹಂಗಾರ ನೀ ಫೇಲ್ ಏನ ಆಯಿ?" ಎಂದಳು.

"ಹೂಂ ಯವ್ವಾ. ಸಾಲಿಗೇ ಹೋಗಲಾರದ ಫೇಲ್," ಎಂದು ಅತ್ತೆ ನಕ್ಕರು. ಮಗಳೂ ನಕ್ಕಳು. ನನಗೆ ಮಾತ್ರ ಅಳು ತಡೆಯಲಾಗದೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಹೋದೆ. ಅಷ್ಟು ವರ್ಷ ಕಣ್ಣಿನ ಮಬ್ಬಿನ ಹಿಂದೆ ಇಟ್ಟುಕೊಂಡಿದ್ದ ಮಾತನ್ನು ಆ ಜೀವ ಒಂದು ಕೂಸಿನ ಓದಿಗಾಗಿ ನಡುಮನೆಯಲ್ಲಿ ಹೇಳಿಬಿಟ್ಟಿತ್ತು. ಅವರ ಮೇಲೆ ನನಗೆ ಆ ಹೊತ್ತು ಬಂದಷ್ಟು ಪ್ರೀತಿ ನನ್ನ ಸ್ವಂತ ತಾಯಿಯ ಮೇಲೂ ಬಂದಿತ್ತೋ ಇಲ್ಲವೋ.

ಅಂದಿನಿಂದ ಪಾಠದ ರೀತಿ ಬದಲಾಯಿತು. ಸ್ಪೀಕರಿನ ವೈರನ್ನು ಮತ್ತೆ ಹಾಕಲಿಲ್ಲ. ಆನ್‌ಲೈನ್ ಪಾಠದ ಹಾಳೆಗಳನ್ನು ಮನೆಯವರು ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದರೆ, ನಾನು ಅವನ್ನು ಕತ್ತರಿಸಿ ಇಸ್ಪೀಟಿನ ಎಲೆಯ ಹಾಗೆ ಕಲಸಿ ಹಂಚುತ್ತಿದ್ದೆ. ವರ್ಕ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ಮಾಡಿದೆವು. ನಾನು ಮೊದಲು ಓದಿ ತೋರಿಸುವುದನ್ನು ಪೂರ್ತಿ ಬಿಟ್ಟೆ. ಒಂದೊಂದೇ ಅಕ್ಷರ, ಅದಕ್ಕೊಂದು ಗುಣಿತ, ಎರಡು ಸೇರಿಸಿದರೆ ಒಂದು ಶಬ್ದ. ಮೊದಮೊದಲು ಅವಳು ಅತ್ತಳು. ಅಷ್ಟು ಸರಾಗವಾಗಿ ಹರಿಯುತ್ತಿದ್ದ ಬಾಯಿ ಈಗ ಎರಡು ಶಬ್ದಕ್ಕೆ ಏದುಸಿರು ಬಿಡುತ್ತಿತ್ತು. ಬಂದವರ ಮುಂದೆ ಓದಿಸುವುದನ್ನು ನಿಲ್ಲಿಸಿದೆ. ಅತ್ತೆ ಸಂಜೆ ವಚನ ಹೇಳುವುದು ನಡೆದೇ ಇತ್ತು, ಪುಸ್ತಕ ಮಾತ್ರ ದೇವರ ಜಗುಲಿಯ ಮೇಲೆ ಮುಚ್ಚಿಟ್ಟಿರುತ್ತಿತ್ತು, ಅವರ ಕೈ ತೊಡೆಯ ಮೇಲೆ ಖಾಲಿ ಇರುತ್ತಿತ್ತು. ಅದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ತಗೊಳ್ಳಿರಿ ಎಂದು ನಾನು ಹೇಳಿದರೆ, "ಕೂಸಿಗೆ ಓದಾಕ ಬರೂತನಕ ಬ್ಯಾಡ" ಎಂದರು.

ಬೇಸಿಗೆ ಸೂಟಿ ಬಂತು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ನೆರಳಿನಲ್ಲಿ ಕೂತು ಅತ್ತೆ, ನಾನು ಸಂಡಿಗೆ ಇಡುತ್ತಿದ್ದೆವು. ಕರೆಂಟು ಹೋಗಿತ್ತು, ಕಂಪ್ಯೂಟರ್ ಇಲ್ಲ. ಓಣಿಯ ಯಾರ ಮನೆಯಿಂದಲೋ ತಂದ ಮಕ್ಕಳ ಕತೆ ಪುಸ್ತಕವೊಂದು ಮಗಳ ಕೈಯಲ್ಲಿತ್ತು. ಆಡೊಂದು ಬಸ್ಸು ಹತ್ತಿದ ಕತೆ. ಅದನ್ನು ನಾನೂ ಓದಿರಲಿಲ್ಲ, ಅತ್ತೆಯೂ ಕೇಳಿರಲಿಲ್ಲ. ಅವಳು ಗೋಡೆಗೆ ಒರಗಿ, ಯಾರೂ ಹೇಳದೆ, ತನ್ನಷ್ಟಕ್ಕೆ ಶುರು ಮಾಡಿದಳು.

"ಆ... ಡು. ಆಡು. ಬ... ಸ್ಸಿ... ನ. ಬಸ್ಸಿನ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ತಪ್ಪಿದಲ್ಲಿ ಹಿಂದೆ ಹೋಗಿ, ಮತ್ತೆ ಕೂಡಿಸಿ, ಕಲ್ಲು ದಾರಿಯಲ್ಲಿ ಚಕ್ಕಡಿ ಹೋದ ಹಾಗೆ ಕುಲುಕುತ್ತ ಓದುತ್ತಿದ್ದಳು. ಆಡು ಕಿಟಕಿಯ ಹತ್ತಿರ ಕೂತಿತು. ಕಂಡಕ್ಟರ್ ಬಂದ. ಟಿಕೀಟು ಎಲ್ಲಿ ಎಂದು ಕೇಳಿದ. ಅಲ್ಲಿಗೆ ಹಾಳೆ ಮುಗಿಯಿತು. ಅವಳು ರೂಢಿಯಂತೆ ತಲೆ ಎತ್ತಿ ಆಯಿಯ ಬಾಯಿ ನೋಡಿದಳು. ವಚನದಲ್ಲಿ ಎಲ್ಲೇ ತಡೆದರೂ ಮುಂದಿನ ಮಾತು ಅಲ್ಲಿಂದಲೇ ಅವಳಿಗೆ ಬರುತ್ತಿತ್ತು.

ಅತ್ತೆ ಸಂಡಿಗೆ ಬಿಟ್ಟು ಅವಳ ಕಡೆಗೆ ಬಗ್ಗಿದ್ದರು. "ಮುಂದ?" ಎಂದರು. "ಮುಂದ ಏನಾತ ಹೇಳವಾ?"

"ನನಗೂ ಗೊತ್ತಿಲ್ಲ ಆಯಿ," ಎಂದು ಮಗಳು ಹಾಳೆ ತಿರುವಿದಳು. "ತಡಿ, ಓದಿ ಹೇಳತೇನಿ."

ಅತ್ತೆ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕಾಯುತ್ತ ಕೂತರು.